ಅಪ್ಪನಿಗೆ 72, ಅಮ್ಮನಿಗೆ 66: ಈ ವಯಸ್ಸಿಗೆ ಯಾವ ಆರೋಗ್ಯ ವಿಮೆ?

ಹೇಮಾವತಿ_ತೀರ
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಸಕಲೇಶಪುರದ ಹತ್ತಿರ ಊರಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಹಳೆಯದು, ಹಿಂದೆ ಒಂದು ಸ್ಟೆಂಟ್ ಹಾಕಿದ್ದಾರೆ. ಅಮ್ಮ ಬಿಪಿ ಮಾತ್ರೆ ಬಿಟ್ಟರೆ ಗಟ್ಟಿ, ಮಂಡಿ ನೋವು ಮಾತ್ರ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗ್ತಿದೆ. ಇಲ್ಲಿವರೆಗೆ ಇಬ್ಬರೂ ನನ್ನ ಕಂಪನಿಯ ಗ್ರೂಪ್ ವಿಮೆಯಲ್ಲಿದ್ದರು. ಈಗ ಕೆಲಸ ಬದಲಿಸ್ತಿದ್ದೇನೆ, ಹೊಸ ಕಡೆ ತಂದೆ ತಾಯಿಗೆ ಕವರ್ ಕೊಡಲ್ಲ. ಒಬ್ಬ ಏಜೆಂಟ್ "ನಿಮ್ಮನ್ನೂ ನಿಮ್ಮ ಹೆಂಡತಿಯನ್ನೂ ಸೇರಿಸಿ ನಾಲ್ಕು ಜನಕ್ಕೂ ಒಂದೇ ಫ್ಲೋಟರ್ (ಒಂದೇ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಪಾಲಿಸಿ) ಮಾಡಿಬಿಡೋಣ" ಅಂತಾರೆ. ಇನ್ನೊಬ್ಬರು "ಎಪ್ಪತ್ತಾದವರಿಗೆ ಮೋದಿ ಕಾರ್ಡ್ ಇದೆ, ಪಾಲಿಸಿ ಯಾಕೆ" ಅಂತಾರೆ. ನಮ್ಮದು ಎಪಿಎಲ್ ಕಾರ್ಡ್. ಎಲ್ಲಿಂದ ಶುರು ಮಾಡಲಿ?

ಲೆಕ್ಕದ_ಪುಟ
ಮೊದಲು ಆ ಫ್ಲೋಟರ್ ಮಾತು ಕೈಬಿಡಿ. ಫ್ಲೋಟರ್‌ನಲ್ಲಿ ಪ್ರೀಮಿಯಂ ಲೆಕ್ಕ ಹಾಕೋದು ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. 72 ವರ್ಷದವರನ್ನು ಸೇರಿಸಿದರೆ ನಿಮಗೂ ನಿಮ್ಮ ಹೆಂಡತಿಗೂ ಅವರ ವಯಸ್ಸಿನ ದರವೇ ಬೀಳುತ್ತೆ. ಅಪ್ಪ ಒಂದು ಸಲ ದೊಡ್ಡ ಆಪರೇಷನ್‌ಗೆ ಅಡ್ಮಿಟ್ ಆದರೆ ಆ ವರ್ಷ ಉಳಿದ ಮೂವರಿಗೆ ಏನೂ ಉಳಿಯದಿರಬಹುದು.

ಎರಡನೆಯದು, "ಅಪ್ಪ ಅಮ್ಮನ ವಿಮೆ" ಅಂತ ಒಂದೇ ಪ್ರಶ್ನೆ ಮಾಡ್ಕೋಬೇಡಿ. ಇವು ಎರಡು ಬೇರೆ ಬೇರೆ ಪ್ರಶ್ನೆ. ಅಪ್ಪ ಎಪ್ಪತ್ತು ದಾಟಿದ್ದಾರೆ, ಹೃದಯದ ಕಾಯಿಲೆ ದಾಖಲೆಯಲ್ಲಿದೆ. ಅವರಿಗೆ ಸರ್ಕಾರದ ದಾರಿಗಳು ತೆರೆದಿವೆ, ಖಾಸಗಿ ದಾರಿ ಕಿರಿದು. ಅಮ್ಮನದು ಉಲ್ಟಾ. ಅರವತ್ತರಿಂದ ಎಪ್ಪತ್ತರ ನಡುವಿನವರು, ಅದರಲ್ಲೂ ಎಪಿಎಲ್ ಮನೆಯವರು, ಎಲ್ಲ ಯೋಜನೆಗಳ ಸಂದಿಯಲ್ಲಿ ಬೀಳ್ತಾರೆ. ನಿಮ್ಮ ಮನೆಯಲ್ಲಿ ಖಾಸಗಿ ಪಾಲಿಸಿ ನಿಜವಾಗಿ ಬೇಕಾಗಿರೋದು ಅಮ್ಮನಿಗೆ. ಬಹಳ ಮಕ್ಕಳು ಕಾಯಿಲೆ ಇರುವ ಅಪ್ಪನ ಹಿಂದೆ ಓಡಾಡಿ, ಗಟ್ಟಿಯಿದ್ದಾರೆ ಅಂತ ಅಮ್ಮನನ್ನು ಬಿಡ್ತಾರೆ. ಗಟ್ಟಿಯಿರುವಾಗಲೇ ಪಾಲಿಸಿ ಸುಲಭವಾಗಿ ಸಿಗೋದು.

ಮಲ್ಲಿಗೆ_ಹುಬ್ಬಳ್ಳಿ
ನಮ್ಮಪ್ಪಾರಿಗೂ ಇದ ಪ್ರಶ್ನಿ ಬಂದಿತ್ತರಿ. 65 ದಾಟಿದ ಮ್ಯಾಲೆ ಹೊಸಾ ಪಾಲಿಸಿ ಕೊಡೂದಿಲ್ಲ ಅಂತಿದ್ರಲ್ಲ, ಅದು ಹೋತಂತ?

ಲೆಕ್ಕದ_ಪುಟ
ಹೌದು, 2024ರ ಏಪ್ರಿಲ್ 1ರಿಂದ ಆ 65ರ ಗೆರೆಯನ್ನು ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ ತೆಗೆದಿದೆ. ಹಾಗಂತ ಕೇಳಿದವರಿಗೆಲ್ಲ ಕೊಡಲೇಬೇಕು ಅಂತಲ್ಲ. ಎಲ್ಲ ವಯಸ್ಸಿನವರಿಗೂ ಪಾಲಿಸಿ ರೂಪಿಸಬಹುದು ಅಂತಷ್ಟೇ. ಆರೋಗ್ಯದ ದಾಖಲೆ ನೋಡಿ ಬೇಡ ಅನ್ನೋದಕ್ಕೆ, ಹೆಚ್ಚು ಪ್ರೀಮಿಯಂ ಕೇಳೋದಕ್ಕೆ ಕಂಪನಿಗೆ ಈಗಲೂ ಅವಕಾಶ ಇದೆ. ಸ್ಟೆಂಟ್ ಇರುವವರಿಗೆ ಕೆಲವು ಕಡೆ ನೇರವಾಗಿ ಇಲ್ಲ ಅಂತಾರೆ, ಕೆಲವು ಕಡೆ ಹೃದಯದ ಕಾಯಿಲೆಗೆ ಮೂರು ವರ್ಷ ಕಾಯಿಸ್ತಾರೆ.

ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಹಿಂದೆ 48 ತಿಂಗಳವರೆಗೂ ಇರಬಹುದಿತ್ತು, ಈಗ ಹೆಚ್ಚೆಂದರೆ 36. ಇನ್ನೊಂದು, 60 ತಿಂಗಳು ಬಿಡದೆ ಪಾಲಿಸಿ ನಡೆಸಿದ ಮೇಲೆ "ನೀವು ಕಾಯಿಲೆ ಮುಚ್ಚಿಟ್ಟಿದ್ದಿರಿ" ಅಂತ ಕ್ಲೇಮ್ ತಳ್ಳಿಹಾಕುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ. ಮೊದಲು ಇದು 96 ತಿಂಗಳಿತ್ತು.

ತೋಟದ_ಮನೆ
ನನ್ನ ಅಭಿಪ್ರಾಯ ಬೇರೆ. 72ನೇ ವಯಸ್ಸಲ್ಲಿ ವರ್ಷಕ್ಕೆ ಅಷ್ಟು ಪ್ರೀಮಿಯಂ ಕಟ್ಟಿ, ಇರೋ ಕಾಯಿಲೆಗೇ ಮೂರು ವರ್ಷ ಕಾಯೋ ಬದಲು ಅದೇ ದುಡ್ಡನ್ನು ಬ್ಯಾಂಕಲ್ಲಿ ಡಿಪಾಸಿಟ್ ಇಡಿ. ಬೇಕಾದಾಗ ಯಾರ ಅನುಮತಿಯೂ ಬೇಡ.

ಲೆಕ್ಕದ_ಪುಟ
ಅಪ್ಪನ ಮಟ್ಟಿಗೆ ನಿಮ್ಮ ಮಾತಲ್ಲಿ ತೂಕ ಇದೆ, ಒಪ್ತೀನಿ. ಆದರೆ ಡಿಪಾಸಿಟ್ ಬೆಳೆಯೋಕೆ ವರ್ಷಗಳು ಬೇಕು, ಪಾರ್ಶ್ವವಾಯು ಮೊದಲ ವರ್ಷವೇ ಬರಬಹುದು. ಡಿಪಾಸಿಟ್ ಇರಲಿ, ವಿಮೆ ಕೊಡದ ಭಾಗಕ್ಕೆ ಅದು ಬೇಕೇ ಬೇಕು. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ದೊಡ್ಡ ಬಿಲ್ ಬಂದ ದಿನ ತೋಟ ಅಡ ಇಡಬೇಕಾಗುತ್ತೆ. ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರೋಗ್ಯ_ಡೆಸ್ಕ್
ಒಂದು ಆಸ್ಪತ್ರೆಯ ವಿಮಾ ಡೆಸ್ಕ್‌ನಲ್ಲಿ ಕೆಲಸ ಮಾಡ್ತೀನಿ. ಸರ್ಕಾರದ ಯೋಜನೆ ಬಗ್ಗೆ ದಿನಾ ಗೊಂದಲ ನೋಡ್ತೀನಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಆಯುಷ್ಮಾನ್ ಭಾರತ್ ಶುರುವಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. 2024ರ ಅಕ್ಟೋಬರ್ 29ರಿಂದ 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅಂತ ವಿಸ್ತರಿಸಿದರು. ಇದಕ್ಕೆ ಆಯುಷ್ಮಾನ್ ವಯ ವಂದನ ಕಾರ್ಡ್ ಅಂತ ಹೆಸರು, ನಿಮಗೆ "ಮೋದಿ ಕಾರ್ಡ್" ಅಂತ ಹೇಳಿದ್ದು ಇದನ್ನೇ. ಮೊದಲೇ ಇರುವ ಕಾಯಿಲೆಗೂ ಕಾಯಬೇಕಿಲ್ಲ, ಮೊದಲ ದಿನದಿಂದಲೇ ಅನ್ವಯ. ಖಾಸಗಿ ಪಾಲಿಸಿ ಇದ್ದವರೂ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರೂ ಮಾಡಿಸಬಹುದು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್‌ಎಸ್ ಇದ್ದವರು ಮಾತ್ರ ಅದು ಬೇಕೋ ಇದು ಬೇಕೋ ಅಂತ ಆರಿಸಿಕೊಳ್ಳಬೇಕು. ಗಂಡ ಹೆಂಡತಿ ಇಬ್ಬರಿಗೂ ಎಪ್ಪತ್ತಾಗಿದ್ದರೆ 5 ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು, ತಲೆಗೆ ಐದು ಲಕ್ಷ ಅಲ್ಲ.

ವಯಸ್ಸು ನೋಡೋದು ಆಧಾರ್‌ನಲ್ಲಿ. ನಮ್ಮ ಹಳ್ಳಿ ಹಿರಿಯರ ಆಧಾರ್‌ನಲ್ಲಿ ಜನವರಿ 1 ಅಂತ ಅಂದಾಜಿನ ಹುಟ್ಟಿದ ದಿನ ಇರುತ್ತೆ, ಎಷ್ಟೋ ಸಲ ವರ್ಷವೂ ತಪ್ಪು. ತಿದ್ದಿಸೋದಿದ್ದರೆ ಆರೋಗ್ಯ ಚೆನ್ನಾಗಿರುವಾಗಲೇ ತಿದ್ದಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಯಾವುದು ಅಂತಲೂ ನೋಡಿ. ಮಗನ ಹಳೇ ಸಿಮ್ ನಂಬರ್ ಇರುತ್ತೆ, ಒಟಿಪಿ ಎಲ್ಲಿಗೋ ಹೋಗುತ್ತೆ.

ಈಗ ಕರ್ನಾಟಕದ ವಿಷಯ. ಈ ಯೋಜನೆಯ ಖರ್ಚಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಎಪ್ಪತ್ತು ದಾಟಿದವರ ಕವರ್ ವಿಚಾರದಲ್ಲಿ ಈ ಪಾಲಿನ ಬಗ್ಗೆಯೇ ರಾಜ್ಯ ತಕರಾರು ಎತ್ತಿತ್ತು. ಆದ್ದರಿಂದ ಮೊಬೈಲಲ್ಲಿ ಕಾರ್ಡ್ ಡೌನ್‌ಲೋಡ್ ಆಯ್ತು ಅಂತ ನಿಶ್ಚಿಂತರಾಗಬೇಡಿ. ನೀವು ಹೋಗುವ ಆಸ್ಪತ್ರೆಯ ಆರೋಗ್ಯಮಿತ್ರರ (ಯೋಜನೆಯ ಸಹಾಯಕ ಸಿಬ್ಬಂದಿ) ಹತ್ತಿರ "ವಯ ವಂದನ ಕಾರ್ಡ್‌ನಲ್ಲಿ ಇಲ್ಲಿ ಮಂಜೂರಾತಿ ಸಿಗುತ್ತಾ" ಅಂತ ಮೊದಲೇ ಕೇಳಿಟ್ಟುಕೊಳ್ಳಿ. 14555ಕ್ಕೂ ಫೋನ್ ಮಾಡಬಹುದು.

ಅದು ಏನೇ ಆಗಲಿ, ನಮ್ಮ ರಾಜ್ಯದ್ದೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಮನೆಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ. 30ನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ, ಉಳಿದಿದ್ದು ನಿಮ್ಮದು. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ರೆಫರಲ್ ಬರೆದುಕೊಡ್ತಾರೆ. ನಿಮಗೆ ಹತ್ತಿರ ಅಂದರೆ ಹಾಸನದ ಹಿಮ್ಸ್. ಹೃದಯಾಘಾತದಂಥ ತುರ್ತಿನಲ್ಲಿ ರೆಫರಲ್ ಬೇಡ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಜಯದೇವ ಆಸ್ಪತ್ರೆ ಬೆಂಗಳೂರಲ್ಲೂ ಇದೆ, ಮೈಸೂರಲ್ಲೂ ಇದೆ. ಹೃದಯಕ್ಕೆ ಅಲ್ಲಿನ ದರವನ್ನು ಖಾಸಗಿ ಕಡೆಯ ಬಿಲ್ ಪಕ್ಕ ಇಟ್ಟು ನೋಡಿ. ಸರ್ಕಾರದ ಪಾಲು ಕಡಿಮೆ ಇದ್ದರೂ ಕೈಯಿಂದ ಹೋಗುವ ಮೊತ್ತ ಎಷ್ಟೋ ತಗ್ಗುತ್ತೆ.

ಡೈರಿ_ಸಂಘ
ಯಶಸ್ವಿನಿ ಯಾರೂ ಹೇಳಲಿಲ್ಲವಲ್ಲ! ನಿಮ್ಮ ತಂದೆ ಹಾಲಿನ ಸಂಘದಲ್ಲೋ ವ್ಯವಸಾಯ ಸೇವಾ ಸಹಕಾರ ಸಂಘದಲ್ಲೋ ಸದಸ್ಯರಾಗಿದ್ದಾರಾ? 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂದ ಯೋಜನೆ ಇದು. ಮತ್ತೆ ಶುರುವಾದಾಗ ಗ್ರಾಮೀಣ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದ ಸಂಘದವರಿಗೆ 1,000 ಅಂತ ಇಟ್ಟರು. ವರ್ಷಕ್ಕೆ 5 ಲಕ್ಷದವರೆಗೆ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ. ನೋಂದಣಿ ವರ್ಷಪೂರ್ತಿ ಇರಲ್ಲ, ದಿನಾಂಕ ಘೋಷಿಸಿದಾಗಲೇ ಮಾಡಿಸಬೇಕು. ಬೇರೆ ಯೋಜನೆ ಇದ್ದವರಿಗೆ ಏನು ಷರತ್ತು ಅಂತ ಸಂಘದ ಕಾರ್ಯದರ್ಶಿಗೆ ಅರ್ಜಿ ತೋರಿಸಿ ಕೇಳಿ.

ಪೀಣ್ಯ_ಪಾಳಿ
ಫ್ಯಾಕ್ಟರಿಯಿಂದ ನಿವೃತ್ತರಾದವರ ಮಕ್ಕಳು ಯಾರಾದರೂ ಓದ್ತಿದ್ದರೆ ಇದು ನಿಮಗೆ. ಇಎಸ್‌ಐನಲ್ಲಿ ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿ, ವಯೋನಿವೃತ್ತಿ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಅವರಿಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತೆ. ನೂರಾ ಇಪ್ಪತ್ತು, ಬರೆಯೋದರಲ್ಲಿ ತಪ್ಪಾಗಿಲ್ಲ. ಪೀಣ್ಯ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳಲ್ಲಿ ಈ ಕಾರ್ಡ್ ಹಿಡಿದು ಬರುವ ಹಿರಿಯರನ್ನು ನೋಡಿದ್ದೇನೆ. ಆದರೆ ನನ್ನ ಜೊತೆ ದುಡಿದು ನಿವೃತ್ತರಾದ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಕಾರ್ಖಾನೆಯವರು ಕೊನೇ ದಿನ ಹಾರ ಹಾಕಿ ಕಳಿಸ್ತಾರೆ, ಈ ಒಂದು ಮಾತು ಹೇಳಲ್ಲ. ದಯವಿಟ್ಟು ನಿಮ್ಮ ಓಣಿಯ ಹಿರಿಯರಿಗೆ ತಿಳಿಸಿ.

ಹೇಮಾವತಿ_ತೀರ
ಎಲ್ಲರಿಗೂ ತುಂಬ ಧನ್ಯವಾದ. ಅಪ್ಪ ಹಾಲಿನ ಸಂಘದ ಸದಸ್ಯರೇ, ವಿಚಾರಿಸ್ತೀನಿ. ಅಮ್ಮನಿಗೆ ಎರಡು ಪಾಲಿಸಿಗಳ ವಿವರ ತರಿಸಿದ್ದೇನೆ. ಎರಡೂ 5 ಲಕ್ಷದ್ದು. ಒಂದು ತುಂಬ ಅಗ್ಗ, ಆದರೆ ಶೇ. 20 ಕೋ-ಪೇ (ಪ್ರತಿ ಕ್ಲೇಮ್‌ನಲ್ಲಿ ಅಷ್ಟು ಪಾಲು ನಮ್ಮ ಕೈಯಿಂದ) ಮತ್ತು ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1ರವರೆಗೆ ಮಾತ್ರ ಅಂತಿದೆ. ಇನ್ನೊಂದರಲ್ಲಿ ಎರಡೂ ಇಲ್ಲ, ಪ್ರೀಮಿಯಂ ಜಾಸ್ತಿ. ವ್ಯತ್ಯಾಸ ಅಷ್ಟೊಂದು ಮುಖ್ಯವಾ?

ಲೆಕ್ಕದ_ಪುಟ
ಮುಖ್ಯ. ಬಿಡಿಸಿ ತೋರಿಸ್ತೀನಿ, ಅಂಕಿಗಳು ಉದಾಹರಣೆಗೆ.

5 ಲಕ್ಷಕ್ಕೆ ಶೇ. 1 ಅಂದರೆ ದಿನಕ್ಕೆ 5,000 ರೂಪಾಯಿಯ ರೂಮ್. ಅಮ್ಮನಿಗೆ ಸ್ವಲ್ಪ ಆರಾಮ ಇರಲಿ ಅಂತ 8,000ದ ರೂಮ್ ತಗೊಂಡಿರಿ ಅನ್ನಿ. ಐದು ದಿನ. ರೂಮ್ 40,000, ಡಾಕ್ಟರ್ ಮತ್ತು ಆಪರೇಷನ್ ಥಿಯೇಟರ್ 1,20,000, ಔಷಧಿ ಇಂಪ್ಲಾಂಟ್ ಲ್ಯಾಬ್ ಎಲ್ಲ ಸೇರಿ 1,40,000. ಒಟ್ಟು 3 ಲಕ್ಷ. "ಐದು ಲಕ್ಷದ ಪಾಲಿಸಿ ಇದೆ, ಮೂರು ಲಕ್ಷದ ಬಿಲ್, ಚಿಂತೆಯಿಲ್ಲ" ಅಂತ ಎಲ್ಲರೂ ಅಂದ್ಕೋತಾರೆ.

ಕಂಪನಿ ಹೇಳುತ್ತೆ, ನಿಮ್ಮ ಅರ್ಹತೆ 5,000, ನೀವು ಇದ್ದದ್ದು 8,000ದಲ್ಲಿ, ಹಾಗಾಗಿ ರೂಮ್ ಜೊತೆಗೆ ಡಾಕ್ಟರ್ ಮತ್ತು ಥಿಯೇಟರ್ ಖರ್ಚನ್ನೂ ಎಂಟಕ್ಕೆ ಐದರ ಪ್ರಮಾಣದಲ್ಲಿ ಇಳಿಸ್ತೀವಿ ಅಂತ. ರೂಮ್‌ಗೆ 25,000, ಡಾಕ್ಟರ್ ಮತ್ತು ಥಿಯೇಟರ್‌ಗೆ 75,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳನ್ನು ಹೀಗೆ ಕಡಿತ ಮಾಡುವಂತಿಲ್ಲ, ಆ 1,40,000 ಪೂರ್ತಿ. ಒಪ್ಪಿದ್ದು 2,40,000. ಅದರಲ್ಲಿ ಶೇ. 20 ಕೋ-ಪೇ, 48,000. ಕೈಗೆ ಬರೋದು 1,92,000. ನಿಮ್ಮ ಜೇಬಿಂದ 1,08,000.

5,000ದ ರೂಮಲ್ಲೇ ಇದ್ದಿದ್ದರೆ ಬಿಲ್ 2,85,000, ಕೋ-ಪೇ 57,000, ಅಲ್ಲಿಗೆ ಮುಗೀತು. ರೂಮ್ ಬಾಡಿಗೆಯಲ್ಲಿ 15,000 ಹೆಚ್ಚು ಕೊಟ್ಟಿದ್ದಕ್ಕೆ ಒಟ್ಟು 51,000 ಹೆಚ್ಚು ಕಟ್ಟಿದ ಹಾಗಾಯ್ತು. ಆ ಗಳಿಗೆಯಲ್ಲಿ ಅಡ್ಮಿಷನ್ ಕೌಂಟರ್ ಮುಂದೆ ನಿಂತ ಮಕ್ಕಳಿಗೆ ಇದನ್ನು ಯಾರೂ ಹೇಳಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಹಾಗಾಗಿ ಅಮ್ಮನಿಗೆ ರೂಮ್ ಮಿತಿ ಇಲ್ಲದ ಪಾಲಿಸಿಯೇ ತಗೊಳ್ಳಿ. ಪ್ರೀಮಿಯಂ ಕೈಗೆಟುಕದಿದ್ದರೆ ಕೋ-ಪೇ ಒಪ್ಪಿಕೊಳ್ಳಿ, ರೂಮ್ ಮಿತಿ ಒಪ್ಪಬೇಡಿ. ಕೋ-ಪೇ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು, ರೂಮ್ ಕಡಿತ ಹಾಗಲ್ಲ. ಕಣ್ಣಿನ ಪೊರೆಗೆ, ಮಂಡಿ ಬದಲಾವಣೆಗೆ ಬೇರೆ ಮಿತಿ ಇದೆಯಾ ಅಂತಲೂ ನೋಡಿ. ಆರೋಗ್ಯ ಸಂಜೀವನಿ ಅನ್ನೋ ಮಾದರಿ ಪಾಲಿಸಿಯಲ್ಲಿ ಪೊರೆ ಆಪರೇಷನ್‌ಗೆ ಒಂದು ಕಣ್ಣಿಗೆ 40,000 ಅಥವಾ ವಿಮಾ ಮೊತ್ತದ ಕಾಲು ಭಾಗ, ಯಾವುದು ಕಡಿಮೆಯೋ ಅದು ಅಂತಿದೆ. ಇಂಥ ಆಪರೇಷನ್‌ಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು, ಮಂಡಿಗೆ ಕೆಲವು ಕಡೆ ಮೂರು. ಮಂಡಿ ನೋವು ಈಗಾಗಲೇ ಇದೆ ಅಂದಿರಿ, ಇವತ್ತು ತಗೊಂಡರೆ ಆ ಗಡಿಯಾರ ಇವತ್ತಿಂದ ಓಡುತ್ತೆ.

5 ಲಕ್ಷ ಸಾಲದು ಅನ್ನಿಸಿದರೆ ಮೂಲ ಪಾಲಿಸಿ ದೊಡ್ಡದು ಮಾಡುವ ಬದಲು 5 ಲಕ್ಷದ ಮೇಲಿನ ಖರ್ಚಿಗೆ ಸೂಪರ್ ಟಾಪ್-ಅಪ್ ಹಾಕಿ, ಅಗ್ಗ ಬೀಳುತ್ತೆ. ಬರೀ ಟಾಪ್-ಅಪ್ ಅಲ್ಲ, ಸೂಪರ್ ಟಾಪ್-ಅಪ್. ಅದು ವರ್ಷದ ಬಿಲ್‌ಗಳನ್ನೆಲ್ಲ ಕೂಡಿಸಿ ನೋಡುತ್ತೆ.

ಕಾವೇರಿ_ಕಣಿವೆ
ಒಂದು ಮುಖ್ಯ ಮಾತು ತಪ್ಪಿಹೋಗಿದೆ. ರಾಜೀನಾಮೆ ಕೊಡೋ ಮುಂಚೆ ಈಗಿನ ಗ್ರೂಪ್ ವಿಮಾ ಕಂಪನಿಗೆ ಪತ್ರ ಬರೆದು, ಅಪ್ಪ ಅಮ್ಮನನ್ನು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿ ಅಂತ ಕೇಳಿ. ಗ್ರೂಪಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರುತ್ತವೆ. ಆರೋಗ್ಯ ನೋಡಿ ಕಂಪನಿ ತೀರ್ಮಾನಿಸಬಹುದು, ಆದರೂ ನಿಮ್ಮ ಅಪ್ಪನಂಥವರಿಗೆ ಹೊಸ ಪಾಲಿಸಿಗಿಂತ ಇದೇ ಹತ್ತಿರದ ದಾರಿ. ಗ್ರೂಪ್ ಕವರ್ ಮುಗಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಹೇಮಾವತಿ_ತೀರ
ಇದು ಗೊತ್ತೇ ಇರಲಿಲ್ಲ. ನಾಳೆಯೇ ಎಚ್‌ಆರ್‌ಗೆ ಮೇಲ್ ಹಾಕ್ತೀನಿ. ಅರ್ಜಿಯಲ್ಲಿ ಅಪ್ಪನ ಸಕ್ಕರೆ ಕಾಯಿಲೆ ಬರೆಯೋದು ಬೇಡ, ಸುಮ್ನೆ ತಿರಸ್ಕಾರ ಆಗುತ್ತೆ ಅಂತ ಏಜೆಂಟ್ ಅಂತಾರೆ.

ತುಂಗೆ_ಸುಮ
ದಯವಿಟ್ಟು ಬರೀರಿ! ನಮ್ಮ ಮನೆಯಲ್ಲಿ ಆಗಿದ್ದು ಹೇಳ್ತೀನಿ. ಮಾವನ ಅರ್ಜಿ ತುಂಬುವಾಗ ಬಿಪಿ ಇದೆ ಅಂತ ನಾವು ಬಾಯಲ್ಲಿ ಹೇಳಿದ್ದೆವು, ತುಂಬಿದವರು "ಇಲ್ಲ" ಅಂತ ಗುರುತು ಹಾಕಿದ್ದರು. ಎರಡನೇ ವರ್ಷ ಅಡ್ಮಿಟ್ ಆದಾಗ ಮಾಹಿತಿ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಿರಸ್ಕರಿಸಿದರು. ಅರ್ಜಿಗೂ ಮುಂಚೆ ಬಿಪಿ ಇದೆ ಅಂತ ನಾವು ಏಜೆಂಟರಿಗೆ ಕಳಿಸಿದ್ದ ವಾಟ್ಸಾಪ್ ಸಂದೇಶ ಇತ್ತು, ಅದೇ ಉಳಿಸಿತು.

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದೆವು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ಲೋಕಪಾಲರ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ, ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ಪ್ರಕರಣ ನೋಡ್ತಾರೆ, ಕಂಪನಿ ತಿರಸ್ಕರಿಸಿ ಒಂದು ವರ್ಷದೊಳಗೆ ಹೋಗಬೇಕು. ತೀರ್ಪು ನಮ್ಮ ಪರ ಬಂತು, ಅದನ್ನು ಕಂಪನಿ ಪಾಲಿಸಲೇಬೇಕು. ಆದರೆ ಆ ತಿಂಗಳುಗಳಲ್ಲಿ ಮಾವನ ಮುಖದಲ್ಲಿ "ನನ್ನಿಂದ ಇವರಿಗೆ ತೊಂದರೆ" ಅನ್ನೋ ಭಾವ ನೋಡಿದ್ದು ಯಾರಿಗೂ ಬೇಡ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಜೊತೆಗೆ ಬರುವ ಅರ್ಜಿಯ ಪ್ರತಿ ಓದಿ. ತಪ್ಪಿದ್ದರೆ ತಿದ್ದಿಸಿ, ಇಷ್ಟವಿಲ್ಲದಿದ್ದರೆ ಆ ಅವಧಿಯಲ್ಲಿ ವಾಪಸ್ ಕೊಡಬಹುದು.

ಆರೋಗ್ಯ_ಡೆಸ್ಕ್
ಸುಮಾ ಅವರ ಮಾತಿಗೆ ಇನ್ನೊಂದು ಸೇರಿಸ್ತೀನಿ. ಅಡ್ಮಿಷನ್ ವೇಳೆ ಡ್ಯೂಟಿ ಡಾಕ್ಟರ್ "ಸಕ್ಕರೆ ಎಷ್ಟು ವರ್ಷದಿಂದ" ಅಂತ ಕೇಳ್ತಾರೆ. ಗಾಬರಿಯಲ್ಲಿರುವವರು "ಹತ್ತು ಹದಿನೈದು ವರ್ಷ ಆಯ್ತೇನೋ" ಅಂದುಬಿಡ್ತಾರೆ, ಅದು ಕೇಸ್ ಶೀಟ್‌ಗೆ ಇಳಿಯುತ್ತೆ. ಅರ್ಜಿಯಲ್ಲಿ ಆರು ವರ್ಷ ಅಂತಿದ್ದರೆ ಕಂಪನಿಯಿಂದ ಪ್ರಶ್ನೆ ಬರುತ್ತೆ, ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರ ಹಣ ಕಟ್ಟೋದು) ನಿಲ್ಲುತ್ತೆ. ಕಾಯಿಲೆ ಯಾವಾಗ ಪತ್ತೆಯಾಯ್ತು, ಯಾವ ಮಾತ್ರೆ, ಯಾವ ಆಪರೇಷನ್ ಅಂತ ಒಂದು ಹಾಳೆಯಲ್ಲಿ ಬರೆದು, ಪಾಲಿಸಿ ನಂಬರ್ ಜೊತೆ ಅಮ್ಮನ ಪರ್ಸಲ್ಲೇ ಇಡಿ. ರಾತ್ರಿ ಹೊತ್ತು ಕರೆದುಕೊಂಡು ಬರೋದು ನೀವಲ್ಲ, ಪಕ್ಕದ ಮನೆಯವರು.

2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ಮೂರು ಗಂಟೆ ದಾಟಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದು ಕಂಪನಿಯ ತಲೆಗೆ. ಈ ಮಾತನ್ನು ಡೆಸ್ಕ್ ಹತ್ತಿರ ಮೆಲ್ಲಗೆ ನೆನಪಿಸಿ, ಕೆಲಸ ಆಗುತ್ತೆ.

ಮಲ್ಲಿಗೆ_ಹುಬ್ಬಳ್ಳಿ
ವರ್ಷಾ ವರ್ಷಾ ಪ್ರೀಮಿಯಂ ಏರಿಸ್ಕೋತ ಹೋದ್ರ ಏನ್ ಮಾಡೂದ್ರಿ? ನಮ್ಮ ಕಾಕಾರು ಕಟ್ಟಾಕ ಆಗದ ಬಿಟ್ಟಬಿಟ್ರು.

ಲೆಕ್ಕದ_ಪುಟ
ಅದಕ್ಕೇ 2025ರ ಜನವರಿಯಲ್ಲಿ ಒಂದು ಕಡಿವಾಣ ಬಂತು. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಐಆರ್‌ಡಿಎಐ ಜೊತೆ ಮೊದಲು ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯೂ ಹೋಯ್ತು. ಕಟ್ಟೋಕೆ ಆಗಲ್ಲ ಅನ್ನಿಸಿದರೆ ಬಿಡುವ ಮುಂಚೆ ವಿಮಾ ಮೊತ್ತ ಇಳಿಸಿಯೋ ಕೋ-ಪೇ ಸೇರಿಸಿಯೋ ಮುಂದುವರಿಸಲು ಆಗುತ್ತಾ ಅಂತ ಕೇಳಿ. ಬೇರೆ ಕಂಪನಿಗೆ ಪೋರ್ಟ್ ಮಾಡೋದಾದರೆ ನವೀಕರಣಕ್ಕೆ 45 ದಿನ ಮುಂಚೆ ಅರ್ಜಿ ಹಾಕಿ. ಪಾಲಿಸಿ ಒಮ್ಮೆ ಕಡಿದುಹೋದರೆ ಕಾದ ವರ್ಷಗಳೆಲ್ಲ ಹೋದವು.

ನ್ಯೂಜೆರ್ಸಿ_ಮೈಸೂರಿಗ
ಹೊರಗಿರುವವರಿಗೆ ಒಂದು ಸೂಚನೆ. ಅಪ್ಪ ಅಮ್ಮ ಆರು ತಿಂಗಳಿಗೆ ಅಮೆರಿಕಕ್ಕೆ ಬಂದಾಗ ಊರಿನ ಪಾಲಿಸಿ ಸಾಮಾನ್ಯವಾಗಿ ಇಲ್ಲಿ ನಡೆಯಲ್ಲ. ವಿಸಿಟರ್ ವಿಮೆ ಬೇರೆ ತಗೊಳ್ಳಿ. ಆದರೆ ಹಳೆಯ ಕಾಯಿಲೆಗೆ ಅದರಲ್ಲಿ ದಿಢೀರ್ ಉಲ್ಬಣವಾದಾಗ ಮಾತ್ರ ಅಂತ ಇರುತ್ತೆ, ಎಪ್ಪತ್ತು ದಾಟಿದವರಿಗೆ ಅದರಲ್ಲೂ ಮಿತಿ ಕಡಿಮೆ. ಇಲ್ಲಿದ್ದಾಗ ಊರಿನ ಪಾಲಿಸಿ ನವೀಕರಣದ ದಿನ ಮರೆಯಬೇಡಿ.

ಹೇಮಾವತಿ_ತೀರ
ಹಾಗಾದರೆ ಹೀಗೆ ಮಾಡ್ತೀನಿ. ಅಮ್ಮನಿಗೆ ರೂಮ್ ಮಿತಿ ಇಲ್ಲದ 5 ಲಕ್ಷದ ಪಾಲಿಸಿ, ಮೇಲೆ ಸೂಪರ್ ಟಾಪ್-ಅಪ್. ಅಪ್ಪನಿಗೆ ಗ್ರೂಪ್‌ನಿಂದ ವರ್ಗಾವಣೆಗೆ ಪತ್ರ. ಅದು ಆಗದಿದ್ದರೆ ವಯ ವಂದನ ಕಾರ್ಡ್, ಯಶಸ್ವಿನಿ, ಜೊತೆಗೆ ಅಪ್ಪನ ಹೆಸರಲ್ಲೇ ಒಂದು ಡಿಪಾಸಿಟ್. ಕೊನೇ ಪ್ರಶ್ನೆ, ಅಪ್ಪನಿಗೆ ಪಾಲಿಸಿಯೇ ಸಿಗದಿದ್ದರೆ ಅವರ ಔಷಧಿ ಖರ್ಚಿಗೆ ತೆರಿಗೆಯಲ್ಲಿ ಏನಾದರೂ ಸಿಗುತ್ತಾ?

ಲೆಕ್ಕದ_ಪುಟ
ಸಿಗುತ್ತೆ, ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 60 ದಾಟಿದ ತಂದೆ ತಾಯಿಗೆ ಆದಾಯ ತೆರಿಗೆಯ 80ಡಿ ಅಡಿ ವರ್ಷಕ್ಕೆ 50,000ದವರೆಗೆ ನಿಮ್ಮ ಆದಾಯದಿಂದ ಕಳೆಯಬಹುದು. ವಿಮೆ ಇಲ್ಲದ ಹಿರಿಯರ ಚಿಕಿತ್ಸೆ, ಔಷಧಿ ಖರ್ಚೂ ಇದರಲ್ಲಿ ಬರುತ್ತೆ. ಅಮ್ಮನ ಪ್ರೀಮಿಯಂ ಮತ್ತು ಅಪ್ಪನ ಔಷಧಿ ಎರಡೂ ಸೇರಿ ಆ 50,000ದೊಳಗೆ. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಔಷಧಿ ಅಂಗಡಿಯಲ್ಲಿ ಅಪ್ಪನ ಹೆಸರಿಗೆ ಬಿಲ್ ಹಾಕಿಸಿ, ನೀವೇ ಯುಪಿಐ ಮಾಡಿ.